ಫಸಲು ಮರದಲ್ಲಿರುವಾಗಲೇ: ಆರ್‌ಪಿಜಿ ಸ್ಟುಡಿಯೊಗಳ ಮಾರಾಟದ ಕುರಿತು

(ಚಿಕ್ಕಮಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳೂ ಬೆಳೆಗಾರರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನೂ ಮೊತ್ತಗಳನ್ನೂ ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ವೇದಿಕೆ ಹತ್ತುವ ಮೊದಲು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಕಂಪ್ಯೂಟರಿನಲ್ಲಿ ಹುಡುಗರು ಆಡುವ ಆಟದ ಬಗ್ಗೆ ಒಂದು ಗಂಟೆ ಏನು ಮಾತಾಡ್ತೀಯ ಮಾರಾಯ?" ಎಂದು ಕೇಳಿದರು. "ತೋಟ ಮಾರುವುದರ ಬಗ್ಗೆ ಮಾತಾಡ್ತೀನಿ" ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ತಾವೇ ನೆಟ್ಟು ಬೆಳೆಸಿದ್ದನ್ನು ಒಂದು ಹಂತದಲ್ಲಿ ದೊಡ್ಡ ಕುಳಕ್ಕೆ ಒಪ್ಪಿಸಿ, ಅಲ್ಲಿಯೇ ಸಂಬಳಕ್ಕೆ ಉಳಿದುಕೊಳ್ಳುವವರ ಕತೆಯನ್ನು ಇವತ್ತು ಹೇಳಬೇಕಾಗಿದೆ. ಆ ಕತೆಯ ಬಹುಪಾಲು ನಡೆಯುವುದು ಕ್ಯಾಲಿಫೋರ್ನಿಯಾ, ಕೆನಡಾ, ಜರ್ಮನಿ, ಬೆಲ್ಜಿಯಂಗಳಲ್ಲಿ ಎಂಬುದನ್ನು ಬಿಟ್ಟರೆ ಅದರ ಲೆಕ್ಕಾಚಾರ ಈ ಸಭೆಯಲ್ಲಿರುವ ಯಾರಿಗೂ ಅಪರಿಚಿತವಲ್ಲ.

ಮೊದಲು ವಸ್ತುವಿನ ಪರಿಚಯ. ಆಟಗಾರರು ಆರ್‌ಪಿಜಿ ಎಂದು ಕರೆಯುವ ರೋಲ್ ಪ್ಲೇಯಿಂಗ್ ಗೇಮ್ ಎಂದರೇನು ಎಂಬುದನ್ನು ಕೊಪ್ಪ, ಶೃಂಗೇರಿ ಕಡೆಯವರಿಗೆ ತಾಳಮದ್ದಳೆಯ ಮೂಲಕ ಹೇಳುವುದು ಸುಲಭ. ಪ್ರಸಂಗದ ಪದ್ಯಗಳು ಮೊದಲೇ ಬರೆದಿಟ್ಟವು, ಭಾಗವತರು ಅವನ್ನು ಹಾಡುತ್ತಾರೆ. ಆದರೆ ಕರ್ಣನ ಅರ್ಥ ಹೇಳುವವರು ಆ ರಾತ್ರಿ ಕೃಷ್ಣನಿಗೆ ಯಾವ ಉತ್ತರ ಕೊಡುತ್ತಾರೆ, ಎಷ್ಟು ಹೊತ್ತು ವಾದಕ್ಕೆ ನಿಲ್ಲುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಸುತ್ತ ಆಡುವ ಆಟದ ಹುರುಳೂ ಹೆಚ್ಚುಕಡಿಮೆ ಇದೇ: ಒಬ್ಬರು ಸನ್ನಿವೇಶ ಕಟ್ಟುತ್ತಾರೆ, ಉಳಿದವರು ತಮ್ಮ ಪಾತ್ರದ ಅರ್ಥವನ್ನು ತಾವೇ ಹೇಳುತ್ತಾರೆ. (ಆ ಆಟವನ್ನು ಪ್ರಕಟಿಸಿದ ಸಂಸ್ಥೆಯೂ 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್‌ಗೆ, ಆ ವಿಝರ್ಡ್ಸ್ 1999ರಲ್ಲಿ ಆಟಿಕೆ ಕಂಪನಿಯಾದ ಹ್ಯಾಸ್‌ಬ್ರೊಗೆ ಮಾರಾಟವಾದವು. ವಂಶದ ಮೂಲಪುರುಷನೇ ಎರಡು ಸಲ ಕೈ ಬದಲಿಸಿದ್ದಾನೆ.)

ಇದು ಕಂಪ್ಯೂಟರಿಗೆ ಬಂದಾಗ ಒಂದು ತೊಡಕು ಹುಟ್ಟಿತು. ಕಂಪ್ಯೂಟರಿಗೆ ಆಶುವಾಗಿ ಅರ್ಥ ಹೇಳಲು ಬಾರದು. ಎದುರಿನ ಆಟಗಾರ ಕರ್ಣನಾಗಿ ಏನೇನು ಉತ್ತರ ಕೊಡಬಹುದೋ ಅಷ್ಟನ್ನೂ, ಅದಕ್ಕೆ ಕೃಷ್ಣ ಏನೇನು ಹೇಳಬಹುದೋ ಅಷ್ಟನ್ನೂ ಮುಂಚಿತವಾಗಿ ಬರೆದು, ಧ್ವನಿ ಕೊಡಿಸಿ, ಚಿತ್ರಿಸಿ, ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಿ ಇಡಬೇಕು. ಹತ್ತು ಜನರಲ್ಲಿ ಒಬ್ಬ ಮಾತ್ರ ನೋಡುವ ಕವಲಿಗೂ ಉಳಿದ ಒಂಬತ್ತು ಜನ ನೋಡುವ ಕವಲಿನಷ್ಟೇ ಖರ್ಚು. ಆದ್ದರಿಂದ ಒಂದು ಒಳ್ಳೆಯ ಆರ್‌ಪಿಜಿ ಸಿದ್ಧವಾಗಲು ಮೂರು, ನಾಲ್ಕು, ಕೆಲವೊಮ್ಮೆ ಆರು ವರ್ಷ ಹಿಡಿಯುತ್ತದೆ, ಮತ್ತು ಅಷ್ಟೂ ಕಾಲ ತಿಂಗಳ ಸಂಬಳ ಹೋಗುತ್ತಲೇ ಇರುತ್ತದೆ, ಒಳಗೆ ಒಂದು ಕಾಸೂ ಬರುವುದಿಲ್ಲ. ಕಾಫಿ ಗಿಡ ನೆಟ್ಟವರಿಗೆ ಈ ಮೂರು ನಾಲ್ಕು ವರ್ಷದ ಕಾಯುವಿಕೆಯನ್ನು ವಿವರಿಸಬೇಕಿಲ್ಲ. ಆದರೆ ಕಾಫಿ ಗಿಡ ಒಮ್ಮೆ ಫಲಕ್ಕೆ ಬಂದರೆ ವರ್ಷವರ್ಷ ಕೊಡುತ್ತದೆ. ಆಟ ಹಾಗಲ್ಲ, ಮಾರಾಟದ ಬಹುಪಾಲು ಮೊದಲ ಕೆಲವು ತಿಂಗಳಲ್ಲಿ ಮುಗಿದು, ಮತ್ತೆ ಬರಿ ನೆಲದಿಂದ ಆರಂಭಿಸಬೇಕು. ಈ ಬಗೆಯ ಆಟ ಕಟ್ಟುವ ಸಂಸ್ಥೆಗಳು, ಅಂದರೆ ಸ್ಟುಡಿಯೊಗಳು, ಏಕೆ ಮತ್ತೆ ಮತ್ತೆ ಮಾರಾಟಕ್ಕೆ ಬರುತ್ತವೆ ಎಂಬುದಕ್ಕೆ ಕಾರಣ ಹುಡುಕುವವರು ಮಾಲೀಕರ ದುರಾಸೆಯ ಕಡೆಗೆ ನೋಡುವ ಮೊದಲು ಈ ಲೆಕ್ಕವನ್ನು ನೋಡಬೇಕು.

ಈಗ ಕತೆಗೆ ಬರುತ್ತೇನೆ. 1983ರಲ್ಲಿ ಬ್ರಯನ್ ಫಾರ್ಗೊ ಎಂಬವರು ಇಂಟರ್‌ಪ್ಲೇ ಎಂಬ ಸಂಸ್ಥೆ ಕಟ್ಟಿದರು. 1988ರಲ್ಲಿ ಅಲ್ಲಿಂದ ವೇಸ್ಟ್‌ಲ್ಯಾಂಡ್, 1997ರಲ್ಲಿ ಫಾಲ್‌ಔಟ್ ಬಂದವು. ಎರಡೂ ಅಣುಯುದ್ಧ ಮುಗಿದ ಮೇಲಿನ ಹಾಳು ಭೂಮಿಯ ಕತೆಗಳು. ಇಂಟರ್‌ಪ್ಲೇ ಒಳಗೆ ಬ್ಲ್ಯಾಕ್ ಐಲ್ ಎಂಬ ವಿಭಾಗ ಆರ್‌ಪಿಜಿಗಳಿಗೆಂದೇ ಇತ್ತು. ಸಂಸ್ಥೆ ಸಾಲದಲ್ಲಿ ಮುಳುಗಿತು. 2003ರ ಕೊನೆಯಲ್ಲಿ ಬ್ಲ್ಯಾಕ್ ಐಲ್ ಮುಚ್ಚಿತು, ಅಲ್ಲಿ ನಡೆಯುತ್ತಿದ್ದ ಮೂರನೆಯ ಫಾಲ್‌ಔಟ್‌ನ ಕೆಲಸ ಅರ್ಧಕ್ಕೇ ನಿಂತಿತು. ಫಾರ್ಗೊ ಅದಕ್ಕೆ ಮೊದಲೇ, 2002ರಲ್ಲಿ, ಹೊರಬಂದು ಇನ್‌ಎಕ್ಸೈಲ್ ಎಂಬ ಸ್ಟುಡಿಯೊ ತೆರೆದಿದ್ದರು. ಹೆಸರಿನ ಅರ್ಥವೇ ವನವಾಸದಲ್ಲಿರುವವರು. ಬ್ಲ್ಯಾಕ್ ಐಲ್‌ನ ಫರ್ಗಸ್ ಅರ್ಕಾರ್ಟ್, ಕ್ರಿಸ್ ಅವೆಲ್ಲೋನ್ ಮೊದಲಾದ ಐವರು 2003ರಲ್ಲಿ ಅಬ್ಸಿಡಿಯನ್ ಕಟ್ಟಿದರು. ಫಾಲ್‌ಔಟ್ ಎಂಬ ಹೆಸರು ಮಾತ್ರ ಇವರಾರ ಜೊತೆಯಲ್ಲೂ ಬರಲಿಲ್ಲ. ಅದು ಇಂಟರ್‌ಪ್ಲೇಯ ಆಸ್ತಿ. 2007ರಲ್ಲಿ ಆ ಹಕ್ಕನ್ನು ಬೆಥೆಸ್ಡಾ ಎಂಬ ಅಮೆರಿಕದ ಇನ್ನೊಂದು ಆಟದ ಸಂಸ್ಥೆ 57.5 ಲಕ್ಷ ಡಾಲರಿಗೆ ಪೂರ್ತಿಯಾಗಿ ಕೊಂಡಿತು.

ಈ ಮೊತ್ತವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಬ್ಸಿಡಿಯನ್‌ನಂಥ ಸಂಸ್ಥೆಗಳನ್ನು ನಾವು ಸ್ವತಂತ್ರ ಎನ್ನುತ್ತೇವೆ. ಆ ಸ್ವಾತಂತ್ರ್ಯ ಎಂಥದ್ದು ಎಂದು ನೋಡಿದರೆ ನಮ್ಮ ಅಡಿಕೆಯ ಚೇಣಿ ನೆನಪಾಗುತ್ತದೆ. ಅಡಿಕೆಯ ಗೊನೆ ಇನ್ನೂ ಮರದಲ್ಲಿರುವಾಗಲೇ ಚೇಣಿದಾರ ಬಂದು ಮುಂಗಡ ಕೊಟ್ಟು ಫಸಲು ಹಿಡಿಯುತ್ತಾನೆ; ಆ ಮುಂಗಡ ಮಳೆಗಾಲದ ಮನೆ ಖರ್ಚಿಗೂ ಮಕ್ಕಳ ಫೀಸಿಗೂ ಹೋಗಿರುತ್ತದೆ. ತೋಟ ನಮ್ಮದೇ, ಆದರೆ ಆ ವರ್ಷದ ಮಾತು ನಮ್ಮದಲ್ಲ. ಆಟದ ಲೋಕದಲ್ಲಿ ಚೇಣಿದಾರನ ಜಾಗದಲ್ಲಿ ಪಬ್ಲಿಷರ್ ಇರುತ್ತಾನೆ. ಅವನು ಕಂತುಗಳಲ್ಲಿ ಹಣ ಕೊಡುತ್ತಾನೆ. ಪ್ರತಿ ಕಂತಿಗೂ ಒಂದು ಗಡುವು, ಇಷ್ಟು ಕೆಲಸ ತೋರಿಸಿದರೆ ಇಷ್ಟು ಹಣ. ಆಟ ಗೆದ್ದರೆ ಮೊದಲು ಅವನ ಮುಂಗಡ ತೀರಬೇಕು, ಆಮೇಲೆ ಉಳಿದದ್ದರಲ್ಲಿ ಪಾಲು. ಬಹಳಷ್ಟು ಸಲ ಪಾತ್ರ, ಕತೆ, ಹೆಸರುಗಳ ಹಕ್ಕೂ ಅವನದೇ.

ಅಬ್ಸಿಡಿಯನ್ ಬದುಕಿದ್ದು ಹೀಗೆಯೇ. ತಾವೇ ಬೆಳೆಸಿದ್ದ ಫಾಲ್‌ಔಟ್ ಲೋಕಕ್ಕೆ ಅವರು ಮತ್ತೆ ಕಾಲಿಟ್ಟದ್ದು ಬೆಥೆಸ್ಡಾದ ಗುತ್ತಿಗೆದಾರರಾಗಿ. ಸುಮಾರು ಒಂದೂವರೆ ವರ್ಷದಲ್ಲಿ ಕಟ್ಟಿದ ಫಾಲ್‌ಔಟ್: ನ್ಯೂ ವೆಗಾಸ್ 2010ರ ಅಕ್ಟೋಬರಿನಲ್ಲಿ ಬಂದಿತು. ವಿಮರ್ಶೆಗಳ ಅಂಕಗಳನ್ನು ಸರಾಸರಿ ಮಾಡುವ ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ 85 ಬಂದಿದ್ದರೆ ಬೋನಸ್ ಸಿಗುತ್ತಿತ್ತು, ಬಂದದ್ದು 84 ಎಂದು ಅವೆಲ್ಲೋನ್ ಅವರೇ ಆಮೇಲೆ ಬಹಿರಂಗವಾಗಿ ಹೇಳಿದರು. ಒಂದು ಅಂಕ! ತೇವಾಂಶ ಅರ್ಧ ಪರ್ಸೆಂಟ್ ಹೆಚ್ಚಿದೆ ಎಂದು ಮೂಟೆಗೆ ದರ ಇಳಿಸಿದಾಗ ಹೇಗನ್ನಿಸುತ್ತದೆ ಎಂದು ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. 2012ರ ಆರಂಭದಲ್ಲಿ ಮೈಕ್ರೋಸಾಫ್ಟ್‌ಗಾಗಿ ಮಾಡುತ್ತಿದ್ದ ಸ್ಟಾರ್ಮ್‌ಲ್ಯಾಂಡ್ಸ್ ಎಂಬ ದೊಡ್ಡ ಆರ್‌ಪಿಜಿಯನ್ನು ಮೈಕ್ರೋಸಾಫ್ಟ್ ರದ್ದು ಮಾಡಿತು. ಕಂತು ನಿಂತಿತು, ಅಬ್ಸಿಡಿಯನ್ ಹಲವರನ್ನು ಮನೆಗೆ ಕಳುಹಿಸಬೇಕಾಯಿತು.

ಅದೇ ವರ್ಷ ಬೇರೊಂದು ದಾರಿ ಕಂಡಿತು. ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಆಟಗಾರರ ಬಳಿಯೇ ನೇರವಾಗಿ ಹಣ ಕೇಳುವ ದಾರಿ. ಫಾರ್ಗೊ ವೇಸ್ಟ್‌ಲ್ಯಾಂಡ್ 2ಕ್ಕೆ ಒಂಬತ್ತು ಲಕ್ಷ ಡಾಲರ್ ಕೇಳಿದರು, ಸುಮಾರು 29 ಲಕ್ಷ ಬಂದಿತು. ಅಬ್ಸಿಡಿಯನ್ ಮುಂದೆ ಪಿಲ್ಲರ್ಸ್ ಆಫ್ ಎಟರ್ನಿಟಿ ಎಂದು ಹೆಸರಾದ ಆಟಕ್ಕೆ 11 ಲಕ್ಷ ಡಾಲರ್ ಕೇಳಿತು. 73 ಸಾವಿರಕ್ಕೂ ಹೆಚ್ಚು ಜನ ಸೇರಿ 40 ಲಕ್ಷಕ್ಕೆ ಚೂರು ಕಡಿಮೆ ಕೊಟ್ಟರು. ನಮ್ಮೂರ ಕಡೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಹೊರಟಂತೆಯೇ ಇದು: ಕೊಟ್ಟವರಿಗೆ ಲಾಭಾಂಶವಿಲ್ಲ, ಕಟ್ಟಿದ ಮೇಲೆ ಬಂದು ಕೈಮುಗಿಯುವ ಹಕ್ಕು, ಗೋಡೆಯ ಮೇಲೆ ಹೆಸರು. ಈ ಹಣದಿಂದ ಕಟ್ಟಿದ ಪಿಲ್ಲರ್ಸ್‌ನ ಹಕ್ಕು ಅಬ್ಸಿಡಿಯನ್‌ನದೇ ಆಯಿತು. ಇನ್ನು ಪಬ್ಲಿಷರುಗಳ ಕಾಲ ಮುಗಿಯಿತು ಎಂದು ನಾನೂ ಸೇರಿದಂತೆ ಬಹಳ ಮಂದಿ ನಂಬಿದೆವು.

ನಂಬಿಕೆ ಆರು ವರ್ಷ ಬಾಳಿತು. 2018ರ ನವೆಂಬರಿನಲ್ಲಿ ಮೆಕ್ಸಿಕೊ ನಗರದಲ್ಲಿ ತನ್ನ ಆಟದ ಯಂತ್ರ ಎಕ್ಸ್‌ಬಾಕ್ಸ್‌ಗಾಗಿ ನಡೆಸಿದ ಕಾರ್ಯಕ್ರಮದಲ್ಲಿ ಮೈಕ್ರೋಸಾಫ್ಟ್ ಒಂದೇ ವೇದಿಕೆಯಿಂದ ಎರಡು ಸುದ್ದಿ ಪ್ರಕಟಿಸಿತು: ಅಬ್ಸಿಡಿಯನ್ ತನ್ನದಾಗುತ್ತಿದೆ, ಇನ್‌ಎಕ್ಸೈಲ್ ಕೂಡ. ಆರು ವರ್ಷದ ಹಿಂದೆ ಯಾರು ಕಂತು ನಿಲ್ಲಿಸಿದ್ದರೋ ಅವರೇ ಈಗ ಇಡೀ ಮನೆಯನ್ನು ಕೊಂಡರು. ಅಭಿಮಾನಿಗಳಲ್ಲಿ ಕೆಲವರು ಇದನ್ನು ದ್ರೋಹ ಎಂದರು. ನಮ್ಮ ಹಣದಿಂದ ಎದ್ದ ಸಂಸ್ಥೆಯನ್ನು ಮಾರಲು ನೀವು ಯಾರು ಎಂಬ ಸಿಟ್ಟು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅದರಲ್ಲಿ ನ್ಯಾಯವಿದೆ ಎಂದು ನನಗೆ ಅನ್ನಿಸುವುದಿಲ್ಲ. ರಸೀದಿ ಪುಸ್ತಕದಿಂದ ಗುಡಿ ಕಟ್ಟಬಹುದು, ಅರ್ಚಕರಿಗೆ ತಿಂಗಳ ಸಂಬಳ ಕೊಡಲಾಗದು. ನೂರಕ್ಕೂ ಹೆಚ್ಚು ಜನರಿರುವ ಕಚೇರಿಗೆ ನಲವತ್ತು ಲಕ್ಷ ಡಾಲರ್ ಎಂದರೆ ಹಲವು ವರ್ಷದ ಮಾತಲ್ಲ. ಅದೇ 2018ರ ಮೇ ತಿಂಗಳಲ್ಲಿ ಬಂದ ಪಿಲ್ಲರ್ಸ್‌ನ ಎರಡನೆಯ ಭಾಗ ವಿಮರ್ಶಕರಿಂದ ಮೆಚ್ಚುಗೆ ಪಡೆದರೂ ಆರಂಭದ ಮಾರಾಟದಲ್ಲಿ ನಿರೀಕ್ಷೆ ಮುಟ್ಟಲಿಲ್ಲ. ಒಂದು ಫಸಲು ಕೈಕೊಟ್ಟರೆ ತೋಟವೇ ಹೋಗುವ ಸ್ಥಿತಿಯಲ್ಲಿ ಹದಿನೈದು ವರ್ಷ ಬಾಳಿದವರು, ಮೊದಲ ಬಾರಿಗೆ ಮುಂದಿನ ತಿಂಗಳ ಸಂಬಳದ ಚಿಂತೆಯಿಲ್ಲದೆ ಮಲಗಬಹುದೆಂದು ಸಹಿ ಹಾಕಿದರೆ ಅವರನ್ನು ದ್ರೋಹಿಗಳೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಕೊಂಡವರಿಗೆ ಇದರಲ್ಲಿ ಏನು ಲಾಭ? ಮೈಕ್ರೋಸಾಫ್ಟ್ 2017ರ ಜೂನಿನಲ್ಲಿ ಗೇಮ್ ಪಾಸ್ ಆರಂಭಿಸಿತ್ತು. ತಿಂಗಳಿಗೆ ಇಷ್ಟು ಎಂದು ಚಂದಾ ಕಟ್ಟಿದರೆ ನೂರಾರು ಆಟಗಳನ್ನು ಆಡಬಹುದು. ಇಂಥ ಚಂದಾ ವ್ಯವಸ್ಥೆಗೆ ತಿಂಗಳು ತಿಂಗಳು ಹೊಸ ಸರಕು ಬೇಕು, ಮತ್ತು ಅರವತ್ತು ಎಪ್ಪತ್ತು ತಾಸು ಹಿಡಿದು ಕೂರಿಸುವ ಆರ್‌ಪಿಜಿಯಂಥ ಸರಕು ಬಹಳ ಬೇಕು, ಏಕೆಂದರೆ ಆಟ ಮುಗಿಯುವವರೆಗೆ ಚಂದಾ ನಿಲ್ಲುವುದಿಲ್ಲ.

ಇಲ್ಲಿ ಹಿರಿಯ ಬೆಳೆಗಾರರು ಕಾಫಿ ಮಂಡಳಿಯ ಪೂಲ್ ಪದ್ಧತಿಯನ್ನು ನೆನಪು ಮಾಡಿಕೊಳ್ಳಬಹುದು. ದಶಕಗಳ ಕಾಲ ನಮ್ಮ ಮನೆಯ ಕಾಫಿಯೂ ಪಕ್ಕದ ಎಸ್ಟೇಟಿನ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿತ್ತು. ಪಾಯಿಂಟುಗಳ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. 1990ರ ದಶಕದ ಆರಂಭದಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಪೂಲ್ ಇದ್ದಾಗ ನಮ್ಮ ಅಜ್ಜನ ದೂರು, "ನನ್ನ ಬೀಜದ ಗುಣಕ್ಕೆ ಬೆಲೆ ಇಲ್ಲ" ಎಂಬುದು. ಪೂಲ್ ಹೋದ ಮೇಲೆ ದರ ಕುಸಿದ ವರ್ಷಗಳಲ್ಲಿ ಅದೇ ಅಜ್ಜ, "ಆಗ ಕಡಿಮೆಯೋ ಹೆಚ್ಚೋ, ಬರುವುದು ಬರುತ್ತಿತ್ತು" ಎನ್ನುತ್ತಿದ್ದರು. ಎರಡೂ ನಿಜ. ಗೇಮ್ ಪಾಸ್ ಕೂಡ ಒಂದು ರಾಶಿಯೇ, ಒಂದು ದೊಡ್ಡ ವ್ಯತ್ಯಾಸದೊಂದಿಗೆ: ಕಾಫಿಯ ಪೂಲ್ ಕಾಯಿದೆಯಿಂದ ಬಂದದ್ದು, ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿಗಳಿದ್ದರು, ಇಲ್ಲಿ ರಾಶಿಯ ಒಡೆತನವೂ ಲೆಕ್ಕದ ಪುಸ್ತಕವೂ ಒಬ್ಬನೇ ವರ್ತಕನ ಕೈಯಲ್ಲಿವೆ.

ರಾಶಿಯ ಒಳ್ಳೆಯ ಮುಖಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಪೆಂಟಿಮೆಂಟ್. ಅಬ್ಸಿಡಿಯನ್‌ನ ಜಾಶ್ ಸಾಯರ್ ನಿರ್ದೇಶನದಲ್ಲಿ ಹದಿಮೂರು ಜನರ ಆಸುಪಾಸಿನ ಪುಟ್ಟ ತಂಡವೊಂದು ಕಟ್ಟಿ 2022ರ ನವೆಂಬರಿನಲ್ಲಿ ಹೊರತಂದ ಆಟವಿದು. ಹದಿನಾರನೆಯ ಶತಮಾನದ ಬವೇರಿಯಾ, ಅಲ್ಲೊಂದು ಮಠ, ಹಸ್ತಪ್ರತಿಗಳಿಗೆ ಚಿತ್ರ ಬರೆಯುವ ಕಲಾವಿದ, ಒಂದು ಕೊಲೆ. ಕತ್ತಿಕಾಳಗವಿಲ್ಲ. ಮಾತೆಲ್ಲ ಬರಹದಲ್ಲಿ ಮೂಡುತ್ತದೆ; ಸನ್ಯಾಸಿಯ ಮಾತಿಗೆ ಒಂದು ಬಗೆಯ ಅಕ್ಷರ, ರೈತನ ಮಾತಿಗೆ ಇನ್ನೊಂದು, ಮುದ್ರಕನ ಮಾತಿಗೆ ಅಚ್ಚಿನ ಮೊಳೆಯದು. ಎದುರಿನವನು ಓದುಬರಹ ಬಲ್ಲವನೆಂದು ನಮ್ಮ ಪಾತ್ರಕ್ಕೆ ತಿಳಿದರೆ ಅವನ ಅಕ್ಷರದ ರೂಪವೇ ಬದಲಾಗುತ್ತದೆ. ಲಿಪಿಯನ್ನು ನೋಡಿ ಕಾಲವನ್ನೂ ಬರೆದವನ ಅಂತಸ್ತನ್ನೂ ಗುರುತಿಸುವ ಶಾಸನತಜ್ಞರ ನಾಡಿನವರಾದ ನಮಗೆ ಇದರ ರುಚಿ ಬೇಗ ಹತ್ತುತ್ತದೆ. ಯಾವ ಪಬ್ಲಿಷರ್ ಇಂಥದಕ್ಕೆ ಮುಂಗಡ ಕೊಡುತ್ತಿದ್ದ? ಗೇಮ್ ಪಾಸ್‌ನಂಥ ವ್ಯವಸ್ಥೆ ಇಲ್ಲದಿದ್ದರೆ ಈ ಆಟವನ್ನು ಮಾಡುವುದೇ ಆಗುತ್ತಿರಲಿಲ್ಲ ಎಂಬರ್ಥದ ಮಾತನ್ನು ಸಾಯರ್ ಅವರೇ ಹೇಳಿದ್ದಾರೆ. ದೊಡ್ಡ ಮನೆಯ ಅಟ್ಟದಲ್ಲಿ ಸಣ್ಣದೊಂದು ಮೂಲೆ ಸಿಕ್ಕಾಗ ಹುಟ್ಟಿದ ಕೆಲಸ ಅದು.

ಆದರೆ ಅಟ್ಟದ ಮೂಲೆ ಇರುವುದು ಮನೆಯೊಡೆಯನ ಮರ್ಜಿಯಲ್ಲಿ. 2020ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಬೆಥೆಸ್ಡಾದ ಮಾತೃಸಂಸ್ಥೆ ಝೆನಿಮ್ಯಾಕ್ಸ್ ಅನ್ನು 750 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. 2021ರ ಮಾರ್ಚಿನಲ್ಲಿ ವ್ಯವಹಾರ ಮುಗಿಯಿತು. ನೆನಪಿಡಲು ಹೇಳಿದ್ದ ಆ 57.5 ಲಕ್ಷ ಡಾಲರಿನ ಫಾಲ್‌ಔಟ್ ಈಗ ಈ ದೊಡ್ಡ ಮೂಟೆಯೊಳಗೆ ಬಂದಿತು. ಹೀಗೆ ಫಾಲ್‌ಔಟ್ ಎಂಬ ಹೆಸರೂ, ಅದು ಹುಟ್ಟಿದ ಇಂಟರ್‌ಪ್ಲೇಯ ಸ್ಥಾಪಕನೂ, ಅದನ್ನು ಬೆಳೆಸಿದ ಬ್ಲ್ಯಾಕ್ ಐಲ್‌ನವರೂ ಸುಮಾರು ಹದಿನೇಳು ವರ್ಷದ ಮೇಲೆ ಮತ್ತೆ ಒಂದೇ ಸೂರಿನಡಿ ಬಂದರು. ಅವರಲ್ಲಿ ಯಾರೂ ಅದನ್ನು ಬಯಸಿ ಮಾಡಿದ್ದಲ್ಲ; ಸೂರು ದೊಡ್ಡದಾಗುತ್ತ ಹೋಗಿ ಎಲ್ಲರ ಮೇಲೂ ಹಬ್ಬಿತು, ಅಷ್ಟೆ. ಅಂಥ ಸೂರಿನಡಿ ಯಾವ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು ಆ ಕೋಣೆಯವರ ಕೈಯಲ್ಲಿ ಇರುವುದಿಲ್ಲ. ಬೆಥೆಸ್ಡಾದ ಸ್ಟಾರ್‌ಫೀಲ್ಡ್ 2023ರಲ್ಲಿ ಬಂದಾಗ ಪ್ರತಿಸ್ಪರ್ಧಿ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ ಇಟ್ಟುಕೊಂಡವರಿಗೆ ಅದು ಸಿಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಆಕ್ಟಿವಿಷನ್ ಬ್ಲಿಝರ್ಡ್ ಎಂಬ ದೊಡ್ಡ ಆಟದ ಸಂಸ್ಥೆಯನ್ನು 6,870 ಕೋಟಿ ಡಾಲರಿನ ವ್ಯವಹಾರದಲ್ಲಿ ತನ್ನದಾಗಿಸಿಕೊಂಡಿತು. 2024ರ ಜನವರಿಯಲ್ಲಿ ಆಟದ ವಿಭಾಗದಿಂದ 1,900 ಜನರನ್ನು ತೆಗೆಯಿತು. ಮೇ ತಿಂಗಳಲ್ಲಿ ಝೆನಿಮ್ಯಾಕ್ಸ್ ಜೊತೆ ಬಂದಿದ್ದ ಆರ್ಕೇನ್ ಆಸ್ಟಿನ್, ಟ್ಯಾಂಗೊ ಗೇಮ್‌ವರ್ಕ್ಸ್ ಸ್ಟುಡಿಯೊಗಳನ್ನು ಮುಚ್ಚುವುದಾಗಿ ಹೇಳಿತು. ಆರ್ಕೇನ್ ಆಸ್ಟಿನ್‌ನ ಕೊನೆಯ ಆಟ ಸೋತಿತ್ತು ಎನ್ನಬಹುದು. ಟ್ಯಾಂಗೊದ ಹಿಂದಿನ ವರ್ಷದ ಆಟ ಹೈ-ಫೈ ರಶ್ ಎಲ್ಲರೂ ಹೊಗಳಿದ್ದ ಆಟ. (ಕೆಲವೇ ತಿಂಗಳಲ್ಲಿ ಕೊರಿಯಾದ ಕ್ರಾಫ್ಟನ್ ಟ್ಯಾಂಗೊವನ್ನು ಎತ್ತಿಕೊಂಡಿತು ಎಂಬುದು ಸಮಾಧಾನ.) ಸ್ವತಂತ್ರರಾಗಿದ್ದಾಗ ಸೋತರೆ ಮುಳುಗುವ ಭಯವಿತ್ತು, ದೊಡ್ಡ ಮನೆಯಲ್ಲಿ, ಗೆದ್ದ ಮೇಲೂ ಬೇರೆ ಯಾವುದೋ ಲೆಕ್ಕಕ್ಕಾಗಿ ಬಾಗಿಲು ಮುಚ್ಚಬಹುದು. ಮೊದಲನೆಯ ಭಯಕ್ಕಿಂತ ಈ ಎರಡನೆಯದು ಕೆಟ್ಟದ್ದು ಎಂದು ನನ್ನ ಭಾವನೆ, ಏಕೆಂದರೆ ಮೊದಲನೆಯದಕ್ಕೆ ಒಳ್ಳೆಯ ಕೆಲಸವೇ ಒಂದಿಷ್ಟು ಮದ್ದಾಗಿತ್ತು.

ಹಳೆಯ ಉದಾಹರಣೆ ಬೇಕೆಂದರೆ ಕೆನಡಾದ ಬಯೋವೇರ್ ಇದೆ. ವೈದ್ಯರಾಗಿದ್ದ ರೇ ಮುಝಿಕಾ, ಗ್ರೆಗ್ ಝೆಸ್‌ಚುಕ್ ಮೊದಲಾದವರು 1995ರಲ್ಲಿ ಎಡ್ಮಂಟನ್‌ನಲ್ಲಿ ಕಟ್ಟಿದ್ದು. 1998ರ ಬಾಲ್ಡರ್ಸ್ ಗೇಟ್ ಅವರದೇ. 2007ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಇಎ, ಬಯೋವೇರ್ ಮತ್ತು ಪ್ಯಾಂಡೆಮಿಕ್ ಎಂಬ ಇನ್ನೊಂದು ಸ್ಟುಡಿಯೊ ಎರಡನ್ನೂ ಒಟ್ಟಿಗೆ ಸುಮಾರು 86 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಪ್ಯಾಂಡೆಮಿಕ್ ಎರಡೇ ವರ್ಷದಲ್ಲಿ, 2009ರಲ್ಲಿ, ಮುಚ್ಚಿತು. ಬಯೋವೇರ್ ಒಂದೆರಡು ಆಟ ಚೆನ್ನಾಗಿಯೇ ಮಾಡಿತು, 2012ರಲ್ಲಿ ಆ ಇಬ್ಬರೂ ನಿವೃತ್ತರಾದರು, ಆಮೇಲಿನದು ಇಳಿಜಾರು. ಆ ಇಎಯನ್ನೇ ಕೊಳ್ಳುವ 5,500 ಕೋಟಿ ಡಾಲರಿನ ಒಪ್ಪಂದವನ್ನು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯೂ ಅದರ ಜೊತೆಗಾರರೂ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ಕೊಂಡವನೂ ಕೊಳ್ಳಲ್ಪಡುವ ಕಾಲ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಇವಕ್ಕಿಂತ ಸಣ್ಣದಾದ ಜರ್ಮನಿಯ ಕತೆ. ಎಸ್ಸೆನ್ ನಗರದ ಪಿರಾನ್ಹಾ ಬೈಟ್ಸ್ 2001ರಲ್ಲಿ ಗಾಥಿಕ್ ಎಂಬ ಆರ್‌ಪಿಜಿ ತಂದಿತು. ಒರಟು ಆಟ, ಆದರೆ ಅದರಲ್ಲಿನ ಊರವರಿಗೆ ಅವರದೇ ದಿನಚರಿ ಇತ್ತು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ಬೆಂಕಿ ಕಾಯಿಸುತ್ತ ಕೂರುತ್ತಿದ್ದರು, ಅನುಮತಿಯಿಲ್ಲದೆ ಮನೆಯೊಳಗೆ ಕಾಲಿಟ್ಟರೆ ಬೈದು ಓಡಿಸುತ್ತಿದ್ದರು. 2019ರಲ್ಲಿ ಈ ಸ್ಟುಡಿಯೊವನ್ನು ಸ್ವೀಡನ್ನಿನ ಎಂಬ್ರೇಸರ್ ಸಮೂಹಕ್ಕೆ ಸೇರಿದ ಟಿಎಚ್‌ಕ್ಯೂ ನಾರ್ಡಿಕ್ ಕೊಂಡಿತು. ಬಡ್ಡಿ ಅಗ್ಗವಾಗಿದ್ದ ಆ ವರ್ಷಗಳಲ್ಲಿ ಎಂಬ್ರೇಸರ್ ಸಂತೆಗೆ ಹೋದವರು ಕಂಡದ್ದೆಲ್ಲ ಚೀಲಕ್ಕೆ ಹಾಕಿಕೊಂಡಂತೆ ಸ್ಟುಡಿಯೊಗಳನ್ನು ಕೊಳ್ಳುತ್ತ ಹೋಗಿತ್ತು. 2023ರ ಮೇ ತಿಂಗಳಲ್ಲಿ ಅದು ನಂಬಿಕೊಂಡಿದ್ದ ಸುಮಾರು 200 ಕೋಟಿ ಡಾಲರಿನ ಒಪ್ಪಂದವೊಂದು ಕೊನೆಯ ಗಳಿಗೆಯಲ್ಲಿ ಮುರಿದುಬಿದ್ದಿತು, ಷೇರು ಕುಸಿಯಿತು, ಮುಚ್ಚುವ ಮಾರುವ ಕೆಲಸ ಶುರುವಾಯಿತು. 2024ರಲ್ಲಿ ಪಿರಾನ್ಹಾ ಬೈಟ್ಸ್ ಮುಚ್ಚಿತು. ಆದರೆ ಗಾಥಿಕ್ ಮುಚ್ಚಲಿಲ್ಲ! ಆ ಹೆಸರು ಟಿಎಚ್‌ಕ್ಯೂ ನಾರ್ಡಿಕ್ ಬಳಿಯೇ ಉಳಿಯಿತು, ಅದರ ಹೊಸ ಆವೃತ್ತಿಯ ಕೆಲಸ ಬಾರ್ಸಿಲೋನಾದ ಬೇರೊಂದು ಸ್ಟುಡಿಯೊದಲ್ಲಿ ನಡೆಯಿತು. ಕಟ್ಟಿದವರು ಹೊರಗೆ, ಕಟ್ಟಿದ್ದು ಒಳಗೆ. ಇದೇ ಎಂಬ್ರೇಸರ್ ಕೆಳಗೆ ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೊ 2025ರ ಫೆಬ್ರವರಿಯಲ್ಲಿ ಕಿಂಗ್‌ಡಮ್ ಕಮ್‌ನ ಎರಡನೆಯ ಭಾಗವನ್ನು ತಂದು ದೊಡ್ಡದಾಗಿ ಗೆದ್ದಿತು ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ಒಡೆಯ, ಎರಡು ಹಣೆಬರಹ.

ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರ ಕೆಳಗೆ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳನ್ನು ಕೊರೆದಿರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ನಮ್ಮದೇ ಜಿಲ್ಲೆಯ ಅಮೃತಾಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಹಣ ಕೊಟ್ಟದ್ದು ಅರಸರು, ದಂಡನಾಯಕರು. ಗುಡಿಯ ಮೇಲೆ ಹಕ್ಕು ಶಿಲ್ಪಿಗೆ ಇರಲಿಲ್ಲ. ಆದರೂ ಬಳ್ಳಿಗಾವೆಯಿಂದ ಬಂದ ದಾಸೋಜ ಯಾವ ಶಿಲ್ಪ ತನ್ನದೆಂದು ಬರೆದಿಟ್ಟು ಹೋದ, ಒಂಬತ್ತು ಶತಮಾನದ ಮೇಲೂ ಅದನ್ನು ಯಾರೂ ಅಳಿಸಿಲ್ಲ. ಆಟಗಳ ಕೊನೆಯಲ್ಲಿ ಹರಿಯುವ ಹೆಸರುಪಟ್ಟಿಗೆ ಇಷ್ಟೂ ಖಾತರಿಯಿಲ್ಲ. ಆಟ ಬಿಡುಗಡೆಯಾಗುವ ಮೊದಲೇ ಕೆಲಸ ಬಿಟ್ಟವರ ಅಥವಾ ಕಳೆದುಕೊಂಡವರ ಹೆಸರು ಇರಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ಒಡೆಯರ ತೀರ್ಮಾನ.

ಮಾರದೆ ಉಳಿದವರು ಇಲ್ಲವೇ ಎಂದರೆ, ಇದ್ದಾರೆ. ಬೆಲ್ಜಿಯಂನಲ್ಲಿ ಸ್ವೆನ್ ವಿಂಕೆ 1996ರಲ್ಲಿ ಕಟ್ಟಿದ ಲಾರಿಯನ್ ಕೂಡ ಪಬ್ಲಿಷರುಗಳ ಕೈಯಲ್ಲಿ ಬಹಳ ವರ್ಷ ನಲುಗಿತು. 2013ರಲ್ಲಿ ಕಿಕ್‌ಸ್ಟಾರ್ಟರ್ ಮೊರೆ ಹೋಯಿತು. ಎರಡು ಡಿವಿನಿಟಿ ಆಟಗಳು ಗೆದ್ದ ಮೇಲೆ ಬಾಲ್ಡರ್ಸ್ ಗೇಟ್ 3 ಕೈಗೆತ್ತಿಕೊಂಡಿತು. ಆಟ ಮುಗಿಯುವ ಮೊದಲೇ, 2020ರ ಅಕ್ಟೋಬರಿನಲ್ಲಿ, ಮೊದಲ ಅಂಕವನ್ನು ಮಾರಾಟಕ್ಕಿಟ್ಟು, ಆಡಿದವರ ಅಭಿಪ್ರಾಯ ಕೇಳುತ್ತ, ಆ ಹಣವನ್ನು ಕೆಲಸಕ್ಕೆ ಹಾಕುತ್ತ ಸುಮಾರು ಮೂರು ವರ್ಷ ನಡೆಸಿ 2023ರ ಆಗಸ್ಟಿನಲ್ಲಿ ಪೂರ್ತಿ ಆಟವನ್ನು ಬಿಡುಗಡೆ ಮಾಡಿತು. ಅದು ಎಷ್ಟು ಗೆದ್ದಿತೆಂಬುದನ್ನು ಹಿಂದಿನ ಸಾಲಿನ ಹುಡುಗರೇ ನನಗಿಂತ ಚೆನ್ನಾಗಿ ಹೇಳಬಲ್ಲರು. ಚೀನಾದ ಟೆನ್ಸೆಂಟ್‌ಗೆ ಲಾರಿಯನ್‌ನಲ್ಲಿ 30 ಪರ್ಸೆಂಟ್ ಪಾಲಿದೆ, ಹಿಡಿತ ಮಾತ್ರ ವಿಂಕೆ ಕುಟುಂಬದ್ದೇ. ಹಾಗಿದ್ದೂ ಬಾಲ್ಡರ್ಸ್ ಗೇಟ್ ಎಂಬ ಹೆಸರು ಲಾರಿಯನ್‌ನದಲ್ಲ, ವಿಝರ್ಡ್ಸ್ ಆಫ್ ದಿ ಕೋಸ್ಟ್‌ನದು. ಹಿಡಿತ ಕೈಯಲ್ಲಿದ್ದುದರಿಂದಲೇ 2024ರ ಮಾರ್ಚಿನಲ್ಲಿ ವಿಂಕೆ, ಅಷ್ಟು ದೊಡ್ಡ ಗೆಲುವಿನ ಬೆನ್ನಲ್ಲೇ, ಮುಂದಿನ ಬಾಲ್ಡರ್ಸ್ ಗೇಟ್ ನಾವು ಮಾಡುವುದಿಲ್ಲ, ನಮ್ಮದೇ ಕೆಲಸಕ್ಕೆ ಹೋಗುತ್ತೇವೆ ಎಂದು ಹೇಳಿ ಎದ್ದುಬರಲು ಸಾಧ್ಯವಾಯಿತು. ದೊಡ್ಡ ಮನೆಯೊಳಗಿನ ಸ್ಟುಡಿಯೊ ಒಂದು ಹೀಗೆ ಹೇಳಿ ಎದ್ದುಬರುವುದನ್ನು ನನಗೆ ಊಹಿಸಿಕೊಳ್ಳಲೂ ಆಗದು. ಮಾರಾಟದಲ್ಲಿ ನಿಜಕ್ಕೂ ಕೈಬದಲಾಗುವುದು ಕಚೇರಿಯಲ್ಲ, ಕಂಪ್ಯೂಟರುಗಳಲ್ಲ. ಇನ್ನು ಸಾಕು ಎಂದೋ, ಇನ್ನೂ ಒಂದು ವರ್ಷ ಬೇಕು ಎಂದೋ ಹೇಳುವ ಈ ಅಧಿಕಾರ. ಬೆಲೆಯ ಚೀಟಿಯಲ್ಲಿ ಅದಕ್ಕೆ ಬೇರೆ ಸಾಲು ಇರುವುದಿಲ್ಲವಾದ್ದರಿಂದ ಮಾರುವವರಿಗೆ ಆ ದಿನ ಅದು ಕಾಣುವುದಿಲ್ಲ.

ಮಾತು ಮುಗಿಸಿದ ಮೇಲೆ ಹಾಸನದಿಂದ ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಎದ್ದು, ತಾನೂ ಇಬ್ಬರು ಗೆಳೆಯರೂ ಸೇರಿ ಸಣ್ಣದೊಂದು ಆರ್‌ಪಿಜಿ ಮಾಡುತ್ತಿದ್ದೇವೆ, ಹಣ ಹಾಕುವವರೊಬ್ಬರು ಕರಾರುಪತ್ರ ಕಳಿಸಿದ್ದಾರೆ, ಸಹಿ ಹಾಕಬಹುದೇ ಎಂದು ಕೇಳಿದ. ನಾನು ವಕೀಲನಲ್ಲ ಎಂದು ಹೇಳಿ, ಮೂರು ವಿಷಯ ನೋಡು ಎಂದೆ: ಪಾತ್ರಗಳ ಮತ್ತು ಹೆಸರಿನ ಹಕ್ಕು ಯಾರದು, ಅವರು ಇಷ್ಟು ವರ್ಷ ಏನೂ ಮಾಡದಿದ್ದರೆ ಹಕ್ಕು ನಿಮಗೆ ವಾಪಸಾಗುತ್ತದೆಯೇ, ಅವರು ಮಧ್ಯದಲ್ಲಿ ಕೈಬಿಟ್ಟರೆ ಅರ್ಧ ಕೆಲಸ ಯಾರ ಪಾಲಿಗೆ. ಆಗ ಮುಂದಿನ ಸಾಲಿನ ಆ ಹಿರಿಯರು ತಿರುಗಿ, "ಅಲ್ಲಪ್ಪ, ಚೇಣಿ ಕೊಡುವಾಗ ಕೊಳೆ ಬಂದು ಕಾಯಿ ಉದುರಿದರೆ ನಷ್ಟ ಯಾರದ್ದು ಅಂತ ಮೊದಲೇ ಮಾತಾಡ್ಕೊಳ್ಳಲ್ವ, ಅದೇ ಇದು" ಎಂದರು. ಹುಡುಗ ಮೊಬೈಲಿನಲ್ಲೇ ಪತ್ರ ತೆಗೆದ. ಸಭೆ ಕರಗಿದ ಮೇಲೆ ಕಾಫಿ ಲೋಟ ಹಿಡಿದು ಮೂವರೂ ಕೂತು ಓದಿದೆವು; ಹಕ್ಕಿನ ಮಾತು ಒಂಬತ್ತನೆಯ ಪುಟದಲ್ಲಿತ್ತು, ಕೈಬಿಟ್ಟರೆ ಏನು ಎಂಬ ಮಾತು ಎಲ್ಲೂ ಇರಲಿಲ್ಲ. ಅದನ್ನು ಬರೆಸಿಕೊಂಡ ಮೇಲೆ ನೋಡೋಣ ಎಂದು ಅವನು ಹಾಸನದ ಬಸ್ಸಿಗೆ ಹೊರಟ.